ಬೆಂಚಿನ ಅಳತೆ

"ಗೋಪುರನ ಒಂಚೂರು ಈ ಕಡೆ ತಳ್ಳಿದ್ರೆ ಮೃಗಾಲಯ ಅಡ್ಡಡ್ಡ ಕೂರತ್ತೆ ಕಣೇ," ಎಂದು ಇಂಚು ಮಾಸ್ಟರ್ ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಹೇಳಿದ. "ಬಾ ಇಲ್ಲಿ, ನೋಡು. ಒಂದು ನೂಲಿನಷ್ಟೂ ಜಾಗ ದಂಡ ಆಗ್ಬಾರ್ದು."

ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಅಂಗಿಗೆ ಕಾಜಾ ಹಾಕುತ್ತಿದ್ದ ಅವನ ಹೆಂಡತಿ, ಸೂಜಿಯಿಂದ ಕಣ್ಣು ಕೀಳದೆ, "ನನ್ನ ಬೆಂಚು ಎಲ್ಲಿದೆ?" ಎಂದು ಕೇಳಿದಳು.

"ಇದೆ, ಇದೆ. ಎಲ್ಲಿಗೆ ಓಡಿಹೋಗತ್ತೆ ನಿನ್ನ ಬೆಂಚು?"

ಕಟಿಂಗ್ ಟೇಬಲ್ಲಿನ ಮೇಲೆ ಲೈನಿಂಗ್ ಬಟ್ಟೆಯ ಎರಡು ಉದ್ದನೆಯ ತುಂಡುಗಳನ್ನು ಹಾಸಿತ್ತು. ಒಂದು ಶನಿವಾರ, ಇನ್ನೊಂದು ಭಾನುವಾರ. ಗೇಣಿಗೊಂದು ಗಂಟೆಯ ಲೆಕ್ಕದಲ್ಲಿ ಬೆಳಕು ಹರಿಯುವಲ್ಲಿಂದ ಕತ್ತಲಾಗುವವರೆಗೆ ಅವುಗಳ ಮೇಲೆ ಚಾಕಿನ ಗೆರೆ ಬಿದ್ದಿತ್ತು. ಶರ್ಟು ಕತ್ತರಿಸುವ ಮುಂಚೆ ತೋಳು, ಬೆನ್ನು, ಕಾಲರು ಎಂದು ಕಂದು ಕಾಗದದ ಮಾದರಿಗಳನ್ನು ಬಟ್ಟೆಯ ಮೇಲೆ ಹೊಂದಿಸುತ್ತಾರಲ್ಲ, ಹಾಗೆ ಮಾಸ್ಟರ್ ಇಡೀ ಮಹಾನಗರವನ್ನೇ ಕಂದು ಕಾಗದದಲ್ಲಿ ಕತ್ತರಿಸಿಟ್ಟುಕೊಂಡಿದ್ದ. ನೋಡಲು ಎಷ್ಟು ಹೊತ್ತು ಬೇಕೋ ಅಷ್ಟು ಉದ್ದದ ಕಾಗದ. ಮೇಲೆ ಚಾಕಿನಲ್ಲಿ ಹೆಸರು. ಆ ನಗರವನ್ನು ಕಟ್ಟಿದವರಿಗೂ ಅದರ ಮೂಲೆಮುಡುಕು ಇಷ್ಟು ಖಚಿತವಾಗಿ ಗೊತ್ತಿರಲಿಕ್ಕಿಲ್ಲ. ಅವರು ಅದನ್ನು ನೋಡಿದ್ದರು, ಇವನು ನೋಡಿರಲಿಲ್ಲ, ಅಷ್ಟೇ ವ್ಯತ್ಯಾಸ.

ಇಂಚು ಮಾಸ್ಟರ್ ಸಾಮಾನ್ಯ ಟೈಲರ್ ಅಲ್ಲ. ಕರ್ಚೀಫು ತಂದುಕೊಟ್ಟರೆ ಅದರಲ್ಲಿ ಜೇಬಿರುವ ಅಂಗಿ ಹೊಲಿದು, ಮಿಕ್ಕಿದ್ದರಲ್ಲಿ ಕರ್ಚೀಫನ್ನೂ ವಾಪಸ್ಸು ಕೊಡುವ ಮನುಷ್ಯ. ಅವನ ಕತ್ತರಿಯ ಕೆಳಗೆ ಚಿಂದಿ ಬೀಳುವುದಿಲ್ಲ ಎಂಬುದು ಊರಿನ ಮಕ್ಕಳಿಗೂ ಗೊತ್ತು. ಒಂದು ಸಲ ಅಂಗಡಿಯಲ್ಲಿ ಗೂಡು ಮಾಡಲು ಬಂದ ಇಲಿಗಳು ವಾರವಿಡೀ ಹುಡುಕಿ, ಒಂದು ಎಳೆಯೂ ಸಿಗದೆ, ನಾಚಿಕೊಂಡು ಎದುರಿನ ಬೇಕರಿಗೆ ಹೋದವು. ಇಷ್ಟು ಜಿಪುಣನಾದವನು ಒಂದು ವಿಷಯದಲ್ಲಿ ಮಾತ್ರ ದೊರೆ. ಹೊಲಿಗೆಯ ಒಳಗಡೆ ಎರಡು ಬೆರಳು ಬಟ್ಟೆ ಬಿಡದೆ ಅವನು ಕತ್ತರಿ ಆಡಿಸಿದವನೇ ಅಲ್ಲ. "ಮನುಷ್ಯ ಅಂದ್ಮೇಲೆ ಇವತ್ತಿದ್ದ ಹಾಗೆ ನಾಳೆ ಇರ್ತಾನಾ? ಒಳಗೆ ಬಿಡದೆ ಕತ್ತರಿಸೋನು ಟೈಲರ್ ಅಲ್ಲ, ಕಟುಕ," ಎಂದು ಟೇಪನ್ನು ಹೂಮಾಲೆಯ ಹಾಗೆ ಕುತ್ತಿಗೆಗೆ ಹಾಕಿಕೊಂಡು ಭಾಷಣ ಮಾಡುತ್ತಿದ್ದ. ಬೇಕರಿಯವನ ಕಂದು ಪ್ಯಾಂಟು ಇದಕ್ಕೆ ಸಾಕ್ಷಿ. ಮದುವೆಗೆಂದು ಹೊಲಿಸಿದ್ದು. ಆಮೇಲೆ ಬೇಕರಿಯವನು ತನ್ನ ಕೇಕು ತಾನೇ ತಿಂದು ಮೂರು ಮನುಷ್ಯರಷ್ಟಾದರೂ, ಪ್ಯಾಂಟು ಅದೇ ಒಂದು. ಪ್ರತಿ ವರ್ಷ ಬಿಚ್ಚಿ ಬಿಡಿಸುವುದು, ಮತ್ತೆ ಹೊಲಿಯುವುದು.

ಆ ಬಿಚ್ಚಿ ಬಿಡಿಸುವ ಕೆಲಸ ಹೆಂಡತಿಯದು. ಕಾಜಾ, ಗುಂಡಿ, ಹೆಮ್ಮಿಂಗ್ ಎಲ್ಲ ಅವಳದೇ. ಊರಿಗೆ ಅವಳು ಕಾಜಾಕ್ಕ. ಮದುವೆಯಾಗಿ ಬಂದ ಮರುದಿನದಿಂದ ಅವಳು ಹಾಕಿದ ಕಾಜಾಗಳನ್ನು ಸಾಲಾಗಿ ಜೋಡಿಸಿದರೆ ಚಂದ್ರನಿಗೆ ಹೋಗಿ ಬರಬಹುದು, ಬರುವಾಗ ಸ್ವಲ್ಪ ಸುತ್ತು ಹಾಕಿಕೊಂಡೇ ಬರಬಹುದು. ಆದರೆ ಅವಳು ಕೂರುತ್ತಿದ್ದ ಜಾಗ ಹಿಂದಿನ ಕೋಣೆ. ಅಲ್ಲಿನ ಕಿಟಕಿಯ ಬೆಳಕು ಸೂಜಿಯ ಮೇಲೆ ಸರಿಯಾಗಿ ಬೀಳಬೇಕಾದರೆ ಗೋಡೆಗೆ ಮುಖ ಮಾಡಿಯೇ ಕೂರಬೇಕು. ಹೀಗಾಗಿ ಅವಳು ಬಟ್ಟೆಗಳನ್ನು ಕಂಡದ್ದೆಲ್ಲ ಮೂರೇ ಅವತಾರದಲ್ಲಿ: ತುಂಡು ತುಂಡಾಗಿ, ಅರ್ಧ ಹೊಲಿದು, ಇಲ್ಲವೇ ಇಸ್ತ್ರಿಯಾಗಿ ಹ್ಯಾಂಗರಿನಲ್ಲಿ. ಗಿರಾಕಿಗಳು ಮುಂದಿನಿಂದ ಬಂದು ಮುಂದಿನಿಂದಲೇ ಕಟ್ಟು ಹಿಡಿದು ಹೋಗುತ್ತಿದ್ದರು. ಅವಳು ಪ್ರಾಣ ಕೊಟ್ಟು ಹೊಲಿದ ತೋಳಿನೊಳಗೆ ಕೈ ಹೊಕ್ಕರೆ ಹೇಗೆ ಕಾಣುತ್ತದೆ, ಕೋಟಿನ ಅಂಚು ನಡೆಯುವಾಗ ಎತ್ತ ಹಾರುತ್ತದೆ, ಬೆವರಿದ ಮೇಲೆ ಕಾಲರು ನಿಲ್ಲುತ್ತದೋ ಮಲಗುತ್ತದೋ ಒಂದೂ ಅವಳಿಗೆ ಗೊತ್ತಿರಲಿಲ್ಲ. ಅಂಗಡಿ ಮುಗಿಸಿ ಮನೆಗೆ ಹೋಗುವ ಹೊತ್ತಿಗೆ ರಸ್ತೆಯಲ್ಲಿ ನಾಯಿಗಳು ಮಾತ್ರ ಇರುತ್ತಿದ್ದವು. ಅವು ಯಾವ ಟೈಲರನ ಹಂಗಿನಲ್ಲೂ ಇರಲಿಲ್ಲ.

ಅಂಥ ಅಂಗಡಿ ಎರಡು ದಿನ ಮುಚ್ಚುವ ಪ್ರಸಂಗ ಬಂದದ್ದು ಮಾಲೀಕನ ಕೃಪೆಯಿಂದ. ನೆಲ ಕಿತ್ತು ಹೊಸ ಟೈಲ್ಸ್ ಹಾಕಿಸುತ್ತೇನೆಂದು ಅವನು ಹಟ ಹಿಡಿದ. ಮಾಸ್ಟರ್ ಮೂರು ದಿನ ಸಿಡುಕಿ, ನಾಲ್ಕನೆಯ ದಿನ ಒಮ್ಮೆಲೇ, "ಮಹಾನಗರ ನೋಡ್ಕೊಂಡು ಬರೋಣ ನಡಿಯೇ," ಎಂದ. ಲಾರಿ ಓಡಿಸುವ ಅವಳ ತಮ್ಮ ಹಿಂದೊಮ್ಮೆ ಹೇಳಿದ್ದ ಮಾತು ಅವಳ ತಲೆಯಲ್ಲಿ ಆಗಲೇ ಎದ್ದು ಕೂತಿತು. "ಅಕ್ಕಾ, ಅಲ್ಲಿ ಏಳು ರಸ್ತೆ ಸೇರೋ ಕಡೆ ಒಂದು ಕಲ್ಲುಬೆಂಚಿದೆ. ಸುಮ್ನೆ ಕೂತ್ರೆ ಸಾಕು, ಊರಿಗೂರೇ ನಿನ್ನ ಮುಂದೆ ನಡ್ಕೊಂಡು ಹೋಗತ್ತೆ."

"ನಂಗೆ ಆ ಬೆಂಚಲ್ಲಿ ಕೂತ್ಕೋಬೇಕು," ಎಂದಿದ್ದಳು ಅವಳು. "ಒಂದು ಮಧ್ಯಾಹ್ನ ಪೂರ್ತಿ. ಬೇರೇನೂ ಬೇಡ."

"ಕೂತ್ಕೊಳ್ಳೋಕೆ ರಾತ್ರಿಯಿಡೀ ಬಸ್ಸಲ್ಲಿ ಹೋಗ್ಬೇಕಾ? ಇಲ್ಲಿ ಸ್ಟೂಲ್ ಏನು ಮುಳ್ಳು ಬಿಟ್ಟಿದ್ಯಾ?" ಎಂದು ಮಾಸ್ಟರ್ ನಕ್ಕಿದ್ದ. ಆದರೂ ಶರ್ಟಿನ ಮುಂಭಾಗದಷ್ಟು ದೊಡ್ಡ ಕಾಗದ ಕತ್ತರಿಸಿ, 'ಬೆಂಚು' ಎಂದು ಬರೆದು, ಶನಿವಾರದ ನಟ್ಟನಡುವೆ ಇಟ್ಟಿದ್ದ. ಯಾಕೆ ಎಂದು ಅವನು ಕೇಳಲಿಲ್ಲ. ನಡೆಯುವ ಬಟ್ಟೆ ನೋಡಬೇಕು ಎಂದರೆ ಆಕಾಶ ಕಳಚಿ ಬೀಳುವ ಹಾಗೆ ನಗುತ್ತಾನೆಂದು ಅವಳೂ ಹೇಳಲಿಲ್ಲ. ಗುಟ್ಟಾಗಿ ತನಗೊಂದು ಬೂದುನೀಲಿ ಕೋಟು ಹೊಲಿದುಕೊಂಡು ಚೀಲದ ತಳದಲ್ಲಿ ಮಡಿಸಿಟ್ಟಳು.

ಟೇಬಲ್ಲಿನ ಮೇಲೆ ಮಹಾನಗರ ಹರಡಿದೆ ಎಂಬ ಸುದ್ದಿ ಊರಿಗೆ ತಿಳಿದದ್ದೇ ತಡ, ಗಿರಾಕಿಗಳು ಹೊಲಿಗೆ ಬಿಟ್ಟು ಸಲಹೆ ಹಿಡಿದುಕೊಂಡು ಬಂದರು. ಮೊದಲು ಬಂದವನು ಬೇಕರಿಯವನು, ಕಂಕುಳಲ್ಲಿ ಅದೇ ಕಂದು ಪ್ಯಾಂಟು.

"ಗೋಪುರಕ್ಕೆ ಇಷ್ಟೇನಾ ಮಾಸ್ಟ್ರೇ? ಕೆಳಗೆ ನಿಂತು ಕತ್ತೆತ್ತಿ ನೋಡೋಕೆ ಇದು ಸಾಕು. ಹತ್ಬೇಕಲ್ವಾ? ಹತ್ತದೆ ಬಂದ್ರೆ ನಾನು ನಿಮ್ ಮುಖ ನೋಡಲ್ಲ."

"ನೀವು ಹತ್ತಿದ್ರಾ?"

"ಅರ್ಧ ಹತ್ತಿದೆ. ಅಲ್ಲಿ ಬೋರ್ಡ್ ಹಾಕಿದ್ರು, ಹೃದಯ ದುರ್ಬಲ ಇರೋರು ಮುಂದೆ ಹೋಗ್ಬಾರ್ದು ಅಂತ. ನನ್ನ ಹೃದಯ ಗಟ್ಟಿನೇ. ಆದ್ರೆ ಬೋರ್ಡಿಗೊಂದು ಮರ್ಯಾದೆ ಬೇಡ್ವಾ?"

ಮಾಸ್ಟರ್ ಗೋಪುರವನ್ನು ದೊಡ್ಡದಾಗಿ ಹೊಸದಾಗಿ ಕತ್ತರಿಸಿದ. ಶನಿವಾರದಲ್ಲಿ ಜಾಗ ಸಾಲಲಿಲ್ಲ. ಕಣ್ಣು ಅತ್ತಿತ್ತ ಹೊರಳಿಸಿ, ಬೆಂಚಿನ ಒಂದು ಪಕ್ಕವನ್ನು ಕಚಕ್ ಎಂದು ಕತ್ತರಿಸಿದ. ಶರ್ಟಿನ ಮುಂಭಾಗದಷ್ಟಿದ್ದದ್ದು ತೋಳಿನಷ್ಟಾಯಿತು. ಕಾಜಾಕ್ಕ ಎದ್ದು ಬಂದು, ಬಗ್ಗಿ, ಕೆಳಗೆ ಬಿದ್ದ ಕಾಗದದ ಚೂರನ್ನು ಹೆಕ್ಕಿ ತನ್ನ ಗುಂಡಿಡಬ್ಬಿಗೆ ಹಾಕಿಕೊಂಡಳು. ಗುಂಡಿ ಏನೋ ಬಿದ್ದಿರಬೇಕು ಎಂದುಕೊಂಡ ಮಾಸ್ಟರ್.

ಮರುದಿನ ಪೋಸ್ಟ್‌ಮ್ಯಾನ್ ಬಂದ. ಪತ್ರ ಇರಲಿಲ್ಲ, ಅಭಿಪ್ರಾಯ ಇತ್ತು. "ದೋಣೀಲಿ ಕೂತು ಸೇತುವೆ ಕೆಳಗೆ ಹೋಗ್ದಿದ್ರೆ ಅದೇನು ಪ್ರವಾಸ ಮಾಸ್ಟ್ರೇ? ಸೇತುವೆ ಕೆಳಗೆ ಕೂಗಿದ್ರೆ ಏಳು ಸಲ ಮರುದನಿ ಬರತ್ತೆ. ನಮ್ಮ ಅಣ್ಣ ಕೂಗಿದಾಗ ಎಂಟು ಸಲ ಬಂತು." ದೋಣಿ ಬಂತು, ಬೆಂಚು ಕಾಲರಿನಷ್ಟಾಯಿತು. ಸಂಜೆ ಶಾಲೆಯ ದೊಡ್ಡ ಮೇಡಂ ಬಂದು, ಮ್ಯೂಸಿಯಮ್ಮಿನಲ್ಲಿ ತಿಮಿಂಗಿಲದ ಅಸ್ಥಿಪಂಜರ ನೋಡದವರು ನೋಡದವರಾಗಿಯೇ ಉಳಿಯುತ್ತಾರೆ ಎಂದು, ಹಾಜರಿ ಕೂಗುವ ದನಿಯಲ್ಲಿ ಹೇಳಿ ಹೋದರು. ತಿಮಿಂಗಿಲಕ್ಕೆ ಜಾಗ ಬೇಕೆಂದರೆ ಸುಮ್ಮನೆಯೇ? ಬೆಂಚು ಕೈಪಟ್ಟಿಯಷ್ಟಾಯಿತು. ಪ್ರತಿ ಸಲವೂ ಕಾಜಾಕ್ಕ ಎದ್ದು ಬಂದು ಬಗ್ಗಿದಳು. ಡಬ್ಬಿಯ ಮುಚ್ಚಳ ಟಪ್ಪೆಂದಿತು.

"ಗುಂಡಿ ತುಂಬ ಬೀಳಿಸ್ತಿದ್ದೀಯ ಈಚೆಗೆ," ಎಂದ ಮಾಸ್ಟರ್.

"ಬೀಳಿಸ್ತಿರೋದು ನಾನಲ್ಲ," ಎಂದಳು ಅವಳು.

ಗುರುವಾರ ಸಲಹೆ ಕೊಡುವವರು ಯಾರೂ ಬರಲಿಲ್ಲ. ಆ ಕೊರತೆಯನ್ನು ಮಾಸ್ಟರ್ ತಾನೇ ತುಂಬಿದ. ಏಳು ಮಹಡಿಯ ಬಟ್ಟೆ ಅಂಗಡಿಯೊಂದಿದೆಯಂತೆ, ಅಲ್ಲಿ ಥಾನುಗಳನ್ನು ಇಳಿಸಲು ಕ್ರೇನ್ ಇಟ್ಟಿದ್ದಾರಂತೆ. ಏಳು ಮಹಡಿಗೆ ಏಳು ಚೂರು ಕತ್ತರಿಸಿ, ಭಾನುವಾರದ ತುಂಬ ಇಟ್ಟಿಗೆ ಜೋಡಿಸಿದಂತೆ ಜೋಡಿಸಿ, ಅಲ್ಲಿದ್ದ ಊಟವನ್ನು ಶನಿವಾರದ ದೋಣಿಯ ಹತ್ತಿರಕ್ಕೆ ತಂದು ಕೂರಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದ. ಅವನ ಕಣ್ಣಲ್ಲಿ ನೀರೇ ಬಂತು. ಇಂಥ ಕಟಿಂಗ್ ಭೂಮಿಯ ಮೇಲೆ ಯಾರೂ ಮಾಡಿರಲಿಲ್ಲ. ಅಂಚಿಗೆ ಅಂಚು, ಮೂಲೆಗೆ ಮೂಲೆ. ಇರುವೆ ಬಂದಿದ್ದರೆ ಕಾಲಿಡಲು ಜಾಗವಿಲ್ಲದೆ ಅಪ್ಪಣೆ ಕೇಳಬೇಕಿತ್ತು.

ಅಷ್ಟರಲ್ಲಿ ಹೊರಗೆ ಲಾರಿ ನಿಂತಿತು. ಅವಳ ತಮ್ಮ ಮರುದಿನ ರಾತ್ರಿಯ ಬಸ್ಸಿನ ಟಿಕೆಟ್ಟು ತಂದಿದ್ದ. ಟೇಬಲ್ಲಿನ ಮೇಲಿನ ಮಹಾನಗರ ಕಂಡು ಸಿಳ್ಳೆ ಹಾಕಿದ.

"ಭಾವ, ಏನಿದು! ನಮ್ಮ ಲಾರಿಗೂ ಇಷ್ಟು ಲೋಡ್ ತುಂಬಲ್ಲ."

"ಎರಡು ದಿನದಲ್ಲಿ ಇಡೀ ಊರು. ಒಂದು ಚೂರು ಚಿಂದಿ ಇಲ್ಲ."

"ಅಕ್ಕಾ, ಬೆಂಚಲ್ಲಿ ಕೂತ್ಕೋತೀಯ ತಾನೆ? ಸಂಜೆ ಹೊತ್ತು ಕೂತ್ಕೋ. ಆಫೀಸ್ ಬಿಡೋ ಟೈಮು. ಜನ ಅಂದ್ರೆ ಜನ." ಲೋಡು ಇಳಿಸುವುದಿದೆ ಎಂದು ಅವನು ಅಲ್ಲೇ ಒಂದು ಲೋಟ ನೀರು ಕುಡಿದು ಹೊರಟುಹೋದ.

ಕಾಜಾಕ್ಕ ಟೇಬಲ್ಲಿನ ಹತ್ತಿರ ಬಂದು ಹುಡುಕಿದಳು. ಗೋಪುರದ ಬುಡ, ಮೃಗಾಲಯದ ಬಾಲ, ತಿಮಿಂಗಿಲದ ಮೂತಿ ಎಲ್ಲ ದಾಟಿ, ದೋಣಿಗೂ ಊಟಕ್ಕೂ ಮಧ್ಯೆ, ಪ್ಯಾಂಟಿನ ಬೆಲ್ಟು ತೂರಿಸುವ ಪಟ್ಟಿಯಷ್ಟು ಅಗಲದ ಒಂದು ಕಾಗದ ಕಂಡಿತು. 'ಬೆಂ' ಎಂದಷ್ಟೇ ಉಳಿದಿತ್ತು. 'ಚು' ಕತ್ತರಿಗೆ ಹೋಗಿತ್ತು.

ಅವಳು ಹಿಂದಿನ ಕೋಣೆಗೆ ಹೋದಳು. ಚೀಲ ತೆರೆದು, ಬೂದುನೀಲಿ ಕೋಟು ತೆಗೆದು, ಕೊಡವಿ, ಹ್ಯಾಂಗರಿಗೆ ಹಾಕಿ, ಡೆಲಿವರಿಗೆ ಕಾದಿದ್ದ ಬಟ್ಟೆಗಳ ಸಾಲಿನಲ್ಲಿ ತೂಗಿಹಾಕಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು ಸೂಜಿಗೆ ದಾರ ಪೋಣಿಸತೊಡಗಿದಳು.

"ಇದ್ಯಾರ ಕೋಟು?" ಎಂದ ಮಾಸ್ಟರ್ ಬಾಗಿಲಲ್ಲಿ ನಿಂತು. ಅವನ ಅಂಗಡಿಯಲ್ಲಿ ಅವನು ಕತ್ತರಿಸದ ಬಟ್ಟೆ ಇರುವುದುಂಟೇ? "ಭುಜ ಚೆನ್ನಾಗಿ ಕೂತಿದೆ. ಯಾರು ಕಟ್ ಮಾಡಿದ್ದು?"

"ನಾನು. ಪ್ರಯಾಣಕ್ಕೆ ಅಂತ. ಈಗ ಬೇಡ. ನೀವು ಹೋಗ್ಬನ್ನಿ."

"ಅಂದ್ರೆ?"

"ನಾನು ಬರಲ್ಲ ರೀ."

ಮಾಸ್ಟರಿಗೆ ಕಾಲ ಕೆಳಗಿನ ನೆಲ, ಮಾಲೀಕ ಕೀಳುವ ಮುಂಚೆಯೇ ಕಿತ್ತುಹೋದಂತಾಯಿತು. "ಬರಲ್ವಾ? ಇಷ್ಟೆಲ್ಲ ಹೊಂದಿಸಿದ್ದು ಯಾರಿಗೇ? ನೋಡು ಬಾ, ಎಷ್ಟು ಫಿಟ್ಟಾಗಿದೆ!"

"ಫಿಟ್ಟಾಗಿದೆ. ನಂಗಲ್ಲ. ಅಳತೆ ತಗೊಳ್ದೆ ಕತ್ತರಿಸಿದ್ದೀರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಟ್ರಯಲ್ಲಿಗೆ ಬಂದ ಬಟ್ಟೆಯ ತಪ್ಪು ಹೇಳುವ ಹಾಗೆ ಹೇಳಿದಳು. "ಇನ್ನೊಂದು ಕೇಳ್ಲಾ? ಗೋಪುರಕ್ಕೆ ಮೃಗಾಲಯ ಅಂಟ್ಕೊಂಡಿದೆ. ಮೃಗಾಲಯಕ್ಕೆ ತಿಮಿಂಗಿಲ ಅಂಟ್ಕೊಂಡಿದೆ. ಗೋಪುರ ಇಳಿದೋರು ಮೃಗಾಲಯಕ್ಕೆ ಹೆಂಗೆ ಹೋಗೋದು? ಹೊಲಿಗೆಗೆ ಎಲ್ಲಿ ಬಿಟ್ಟಿದ್ದೀರಿ?"

ಮಾಸ್ಟರ್ ತಿರುಗಿ ಟೇಬಲ್ಲಿನ ಹತ್ತಿರ ಹೋಗಿ ನೋಡಿದ. ಅಂಚಿಗೆ ಅಂಚು. ಮೂಲೆಗೆ ಮೂಲೆ. ನಡೆಯಲು ಇಲ್ಲ, ಬಸ್ಸಿಗೆ ಕಾಯಲು ಇಲ್ಲ, ದಾರಿ ತಪ್ಪಿ ಯಾರನ್ನೋ ಕೇಳಲು ಇಲ್ಲ, ಚಪ್ಪಲಿಯೊಳಗಿನ ಕಲ್ಲು ತೆಗೆಯಲೂ ಇಲ್ಲ. ಎರಡು ಬೆರಳಿರಲಿ, ಎರಡು ಎಳೆಯೂ ಇಲ್ಲ. ತನ್ನ ಆಯಸ್ಸಿನಲ್ಲಿ ಕತ್ತರಿಸಿದ ಬಟ್ಟೆಯನ್ನೆಲ್ಲ ಹಾಸಿದರೆ ಮೂರು ಸಮುದ್ರ ಮುಚ್ಚಬಹುದು, ಅದರಲ್ಲಿ ಒಂದೇ ಒಂದು ತಪ್ಪು ಮಾಡದವನು, ಇಡೀ ಮಹಾನಗರವನ್ನೇ ಕೆಡಿಸಿಟ್ಟಿದ್ದ. ಕಿವಿ ಕೆಂಪಾದದ್ದು ಇಸ್ತ್ರಿಪೆಟ್ಟಿಗೆಗೂ ನಾಚಿಕೆಯಾಗುವಷ್ಟು.

"ಕಟುಕ," ಎಂದುಕೊಂಡ ಮೆಲ್ಲಗೆ, ಯಾರಿಗೆ ಎಂದು ಹೇಳದೆ. ಆಮೇಲೆ, ಮಾನ ಉಳಿಸಿಕೊಳ್ಳಬೇಕಲ್ಲ, "ಏನೇ ಅನ್ನು, ಚಿಂದಿ ಮಾತ್ರ ಬಿದ್ದಿಲ್ಲ," ಎಂದ.

ಕಾಜಾಕ್ಕ ಎದ್ದು ಬಂದು ಗುಂಡಿಡಬ್ಬಿಯನ್ನು ಟೇಬಲ್ಲಿನ ಮೇಲೆ ಮಗುಚಿದಳು. ಗುಂಡಿಗಳ ಜೊತೆ ಕಂದು ಕಾಗದದ ಚೂರುಗಳು ಉದುರಿದವು. ಒಂದರ ಮೇಲೆ 'ಚು' ಇತ್ತು.

ಮಾಸ್ಟರ್ ಚೂರುಗಳನ್ನು ಬಹಳ ಹೊತ್ತು ನೋಡಿದ. ಬೆರಳಿನಿಂದ ಒಂದನ್ನು ಇನ್ನೊಂದರ ಪಕ್ಕಕ್ಕೆ ಸರಿಸಿದ. ಯಾವ ಚೂರು ಯಾವ ಕಡೆಯಿಂದ ಬಂದದ್ದು ಎಂದು ಟೈಲರನಿಗೆ ಹೇಳಿಕೊಡಬೇಕೇ?

"ಅಲ್ಲಾ," ಎಂದ ಕೊನೆಗೆ, "ಅಷ್ಟು ಹೊತ್ತು ಕೂತು ಏನೇ ಮಾಡ್ತೀಯ?"

"ಬಟ್ಟೆ ನೋಡ್ತೀನಿ."

"ಬಟ್ಟೆ ಇಲ್ಲಿಲ್ವಾ?"

"ಇಲ್ಲಿರೋವು ನೇತಾಡ್ತಾವೆ. ನಂಗೆ ನಡಿಯೋ ಬಟ್ಟೆ ನೋಡ್ಬೇಕು. ಒಳಗೆ ಮನುಷ್ಯರಿರೋವು." ಅವಳು ತಲೆ ತಗ್ಗಿಸಿ ಗುಂಡಿಗಳನ್ನು ಡಬ್ಬಿಗೆ ತುಂಬತೊಡಗಿದಳು. "ನಗೋದಾದ್ರೆ ನಕ್ಬಿಡಿ."

ಮಾಸ್ಟರ್ ನಗಲಿಲ್ಲ. ಅದೊಂದು ಇತಿಹಾಸ. ಗಿರಾಕಿಯ ಎದೆ ಅಳೆಯುವಾಗ, ಸೊಂಟ ಅಳೆಯುವಾಗ, ಅವರ ಸೊಸೆಯಂದಿರ ಕಥೆ ಕೇಳುವಾಗ ತಾನು ಮುಂದಿನ ಕೋಣೆಯಲ್ಲಿ ಊರಿಗೆಲ್ಲ ನಗುತ್ತಾ ನಿಂತಿದ್ದು ಅವನಿಗೆ ನೆನಪಾಗಿರಬೇಕು. ಹಿಂದಿನ ಕೋಣೆಯ ಸ್ಟೂಲನ್ನು ನೋಡಿದ. ಅದರೆದುರಿನ ಗೋಡೆಯನ್ನು ನೋಡಿದ. ಅವಳ ಉಸಿರು ತಗುಲಿ ತಗುಲಿಯೋ ಏನೋ, ಒಂದು ಮುಖದಷ್ಟು ಜಾಗದಲ್ಲಿ ಸುಣ್ಣದ ಬಣ್ಣ ಬೇರೆಯಾಗಿತ್ತು.

ಅವನು ಗೋಪುರದ ಗುಂಡುಸೂಜಿ ಕಿತ್ತ. ಮೃಗಾಲಯದ್ದನ್ನೂ ಕಿತ್ತ. ದೋಣಿ, ತಿಮಿಂಗಿಲ, ಏಳು ಮಹಡಿ, ಎಲ್ಲದರ ಸೂಜಿಗಳನ್ನೂ ಕಿತ್ತು ಬಾಯಲ್ಲಿಟ್ಟುಕೊಂಡು, ಒಂದೊಂದೇ ತೆಗೆದು ಚೂರಿಗೆ ಚೂರು ಜೋಡಿಸಿ ಚುಚ್ಚಿದ. ಶರ್ಟಿನ ಮುಂಭಾಗದಷ್ಟು ಬೆಂಚು ಮತ್ತೆ ಎದ್ದು ನಿಂತಿತು. ಮೈತುಂಬ ಸೂಜಿ, ಮುಳ್ಳುಹಂದಿಯ ಹಾಗೆ. ಅದನ್ನು ಶನಿವಾರದ ಸಂಜೆಯ ಮೇಲೆ ಇಟ್ಟು, ಸುತ್ತಲೂ ಎರಡೆರಡು ಬೆರಳು ಅಳೆದು ಚಾಕಿನಲ್ಲಿ ಗೆರೆ ಎಳೆದ.

"ಏಳೇ," ಎಂದ. "ಟ್ರಯಲ್ ನೋಡೋಣ."

"ಏನ್ ಟ್ರಯಲ್?"

"ಟ್ರಯಲ್ ನೋಡ್ದೆ ಹೊಲಿದ್ರೆ ಆಮೇಲೆ ನೀನೇ ಬಿಚ್ಚಬೇಕು. ಏಳು. ಆ ಕೋಟು ಹಾಕ್ಕೋ."

ಗಿರಾಕಿಗಳು ಕೂರುವ ಮರದ ಬೆಂಚನ್ನು ಅವನು ದರದರ ಎಳೆದುಕೊಂಡು ಹೊರಗೆ ರಸ್ತೆಯ ಬದಿಗೆ ಹಾಕಿದ. ಇನ್ನೂ ಬೆಳಕಿತ್ತು. ಅಂಗಡಿ ತೆರೆದಿರುವಾಗ, ಕೆಲಸದ ಹೊತ್ತಿನಲ್ಲಿ, ಗಂಡ ಹೆಂಡತಿ ಇಬ್ಬರೂ ಹೊರಗೆ ಬೆಂಚಿನ ಮೇಲೆ ಕೂತದ್ದು ಆ ಬೀದಿ ಹುಟ್ಟಿದ ಮೇಲೆ ಅದೇ ಮೊದಲು. ದಾರಿಯಲ್ಲಿ ಹೋಗುವವರೆಲ್ಲ ಗಾಬರಿಯಾದರು.

"ಏನ್ ಮಾಸ್ಟ್ರೇ, ಕರೆಂಟ್ ಹೋಯ್ತಾ?"

"ಇಲ್ಲ, ನೀವು ಹೋಗಿ. ಸ್ವಲ್ಪ ನಿಧಾನಕ್ಕೆ ಹೋಗಿ."

ಕಾಜಾಕ್ಕ ನೋಡಿದಳು. ದೊಡ್ಡ ಮೇಡಂ ಸ್ಕರ್ಟಿನ ನೆರಿಗೆಗಳು ಹೆಜ್ಜೆಗೊಮ್ಮೆ ತೆರೆದು, ಹೆಜ್ಜೆಗೊಮ್ಮೆ ಮುಚ್ಚಿದವು, ಬೀಸಣಿಗೆಯ ಹಾಗೆ. ಕಾಲುಗಂಟೆಯಲ್ಲಿ ಕಾಜಾಕ್ಕ ಮೂರು ಸಲ ನಕ್ಕಳು. ಪೋಸ್ಟ್‌ಮ್ಯಾನ್ ಸೈಕಲ್ಲು ತಳ್ಳಿಕೊಂಡು ಹೋದ.

"ಬಲಗಡೆ ಭುಜ ಒಂದು ಬೆರಳು ಇಳಿದಿದೆ ನೋಡ್ರೀ," ಎಂದಳು. "ಚೀಲ ಹೊತ್ತು ಹೊತ್ತು. ಅದಕ್ಕೇ ಅಲ್ಲಿನ ಹೊಲಿಗೆ ಯಾವಾಗ್ಲೂ ಮೊದಲು ಬಿಡೋದು."

ಮಾಸ್ಟರ್ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದ. "ನಿಂತಾಗ ಅಳೆದ್ರೆ ಸರಿಯಾಗೇ ಇರತ್ತಲ್ಲೇ."

"ನಿಂತಾಗ ಎಲ್ರೂ ಸರಿಯಾಗೇ ಇರ್ತಾರೆ."

ಅವನು ಕುತ್ತಿಗೆಯ ಟೇಪು ಸರಿಮಾಡಿಕೊಂಡು, "ನಾಳೆ ಬಸ್ಸು," ಎಂದ, ಅವಳ ಕಡೆ ನೋಡದೆ.

"ಗೊತ್ತು. ಸಂಜೆ ಬೇಗ ಊಟ ಮಾಡಿ ಹೊರಟ್ರಾಯ್ತು." ಕೋಟಿನ ತೋಳನ್ನು ಎಳೆದು ಸರಿಮಾಡಿಕೊಂಡಳು. "ಗೋಪುರನೂ ಇರ್ಲಿ ಬಿಡಿ. ಅರ್ಧ ಹತ್ತಿದ್ರೂ ಸಾಕು, ಬೇಕರಿಯವನಿಗೆ ಸಮಾಧಾನ ಆಗತ್ತೆ."

ಮಾಸ್ಟರನ ಎದೆ ಎರಡು ಇಂಚು ಉಬ್ಬಿತು. ಪುಣ್ಯಕ್ಕೆ ಅಂಗಿಯ ಒಳಗೆ ಬಟ್ಟೆ ಬಿಟ್ಟಿತ್ತು.

ಆಗಲೇ ಬೀದಿಯ ತುದಿಯಿಂದ ಗಾಳಿ ಎದ್ದಿತು. ಅಂಗಡಿಯ ಬಾಗಿಲು ತೆರೆದಿತ್ತು, ಮಹಾನಗರಕ್ಕೆ ಸೂಜಿಯ ಹಿಡಿತ ಇರಲಿಲ್ಲ. ಮೊದಲು ದೋಣಿ ತೇಲಿಕೊಂಡು ಹೊರಗೆ ಬಂತು. ಅದರ ಹಿಂದೆ ಏಳು ಮಹಡಿಗಳು ಒಂದೊಂದಾಗಿ ಮೆಟ್ಟಿಲಿಳಿದವು. ತಿಮಿಂಗಿಲ ಚರಂಡಿಯ ಅಂಚಿನಲ್ಲಿ ಒಂದು ಕ್ಷಣ ಯೋಚಿಸಿ ನೀರಿಗಿಳಿಯಿತು. ಮೃಗಾಲಯ ರಸ್ತೆ ದಾಟಿತು.

"ಮಾಸ್ಟ್ರೇ! ಗೋಪುರ! ಗೋಪುರ ಹೋಗ್ತಿದೆ!" ಎಂದು ಎದುರಿನ ಬೇಕರಿಯವನು ಕೂಗುತ್ತಾ, ಹಿಟ್ಟಿನ ಕೈಗಳನ್ನು ಮೇಲೆತ್ತಿಕೊಂಡು, ಮೂರು ಮನುಷ್ಯರ ದೇಹವನ್ನು ಎರಡು ಕಾಲಿನ ಮೇಲೆ ಹೊತ್ತು ಕಾಗದದ ಹಿಂದೆ ಓಡತೊಡಗಿದ.

ಮಾಸ್ಟರ್ ಏಳಲು ಹೋದ. ಕಾಜಾಕ್ಕ ಅವನ ತೋಳು ಹಿಡಿದು ಕೂರಿಸಿದಳು.

"ಇರಿ, ಇರಿ," ಎಂದಳು. "ಓಡೋವಾಗ ನೋಡ್ಬೇಕು."

ಕಂದು ಪ್ಯಾಂಟು ಓಡುತ್ತಿತ್ತು. ಮಂಡಿಯ ಹಿಂದೆ ನೆರಿಗೆ ಕೂಡುತ್ತಿತ್ತು, ಬಿಡುತ್ತಿತ್ತು. ಗೋಪುರ ಬೀದಿದೀಪದ ಕಂಬಕ್ಕೆ ತಾಗಿ ಕೆಳಗೆ ಬಿತ್ತು. ಬೇಕರಿಯವನು ಅದನ್ನು ಹೆಕ್ಕಲು ಪೂರಾ ಬಗ್ಗಿದ. ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಹೊಲಿಗೆ ಹಿಡಿದಿತ್ತು.